ಕೆರೆ ಬತ್ತಿದ್ದಕ್ಕೆ ಕಾಲವನ್ನು ಬೈಯಬೇಡಿ

‘ಕಾಲ ಬದಲಾಯ್ತು, ಏನ್ ಮಾಡೋಕಾಗುತ್ತೆ?’ ಕೆರೆ ಅಂಗಳದಲ್ಲಿ ಜಾಲಿ ಬೆಳೆದು ನಿಂತಿದೆಯಲ್ಲ ಎಂದು ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಇದು. ಕೆಲವರು ಇನ್ನೂ ಮುಂದೆ ಹೋಗಿ, ಪರಿವರ್ತನೆ ಜಗದ ನಿಯಮ ಅಂತ ಗೀತೆಯಲ್ಲೇ ಇದೆ ಅನ್ನುತ್ತಾರೆ. (ಗೀತಾಸಾರ ಎಂದು ಕ್ಯಾಲೆಂಡರಿನಲ್ಲಿ ಅಚ್ಚಾಗುವ ಆ ಮಾತು ಗೀತೆಯ ಶ್ಲೋಕವಲ್ಲ. ಇರಲಿ ಬಿಡಿ.)

ಎಲ್ಲವೂ ಬದಲಾಗುತ್ತದೆ ಎಂಬುದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಮೈಯಲ್ಲಿರುವ ರಕ್ತದ ಕೆಂಪು ಕಣ ಬಾಳುವುದು ಸುಮಾರು 120 ದಿನ. ನಾವು ಗಟ್ಟಿ ಎಂದು ನಂಬಿ ನಿಂತ ಭಾರತದ ನೆಲವೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರದ ಕಡೆ ಸರಿಯುತ್ತಿದೆ. ಹಿಮಾಲಯ ಎದ್ದದ್ದೇ ಆ ತಳ್ಳಾಟದಿಂದ.

ಆದರೆ ಈ ಮಾತನ್ನು ಕೈಕಟ್ಟಿ ಕೂರಲು ನೆಪ ಮಾಡಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಎಲ್ಲವೂ ಅನಿತ್ಯ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಬುದ್ಧ. ಅವನ ವಾದ ಅಲ್ಲಿಗೇ ನಿಲ್ಲುವುದಿಲ್ಲ. ಪ್ರತಿಯೊಂದೂ ಕಾರಣದಿಂದ ಹುಟ್ಟುತ್ತದೆ, ಆ ಕಾರಣ ಹೋದರೆ ಅದೂ ಹೋಗುತ್ತದೆ ಎಂದ. ಕೊನೆಯುಸಿರಿನ ಹೊತ್ತಲ್ಲಿ ಶಿಷ್ಯರಿಗೆ ಎಲ್ಲವೂ ಅಳಿಯುತ್ತದೆ ಎಂದು ನೆನಪಿಸಿದವನು, ಆದ್ದರಿಂದ ಮೈಮರೆಯದೆ ಕೆಲಸ ಮಾಡಿ ಎಂದೂ ಹೇಳಿದನೆಂದು ಪಾಳಿ ಗ್ರಂಥಗಳಲ್ಲಿದೆ. ನಮ್ಮ ಜನ ಮೊದಲರ್ಧ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ.

ಕೆರೆಯನ್ನೇ ನೋಡಿ. ಅದು ಎಂದೂ ಇದ್ದ ಹಾಗೆ ಇದ್ದದ್ದಲ್ಲ. ಪ್ರತಿ ಮಳೆಗೂ ಹೂಳು ಬರುತ್ತದೆ, ಏರಿ ಸವೆಯುತ್ತದೆ, ತೂಬು ಸಡಿಲಾಗುತ್ತದೆ. ಅದಕ್ಕೇ ಹಿರಿಯರು ಬೇಸಿಗೆಯಲ್ಲಿ ಹೂಳೆತ್ತಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೂ ಆಳ, ಹೊಲಕ್ಕೂ ಗೊಬ್ಬರ. ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಲು ನೀರಗಂಟಿ ಇದ್ದ. ಹಾಗೆ ಕೈ ಮುಟ್ಟಿಸುತ್ತಲೇ ಇದ್ದುದರಿಂದ ನೂರಾರು ವರ್ಷ ಬಾಳಿದ ಕೆರೆಗಳಿವೆ. ಆ ಕೈ ನಿಂತಿತು. ಅಂಗಳ ಒತ್ತುವರಿಯಾಯಿತು, ನೀರು ಬರುವ ಕಾಲುವೆಗೆ ಮಣ್ಣು ಬಿತ್ತು. ಇದರಲ್ಲಿ ಕಾಲ ಮಾಡಿದ್ದೇನು? ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿಯುವಾಗ ನೀವು ಕಾಲಿಡುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಆ ಕೆರೆಯನ್ನೂ ಕಾಲ ಬಂದು ಮುಚ್ಚಲಿಲ್ಲ.

ಇನ್ನೊಂದು ವಿಷಯ ವೇಗದ್ದು. ಒಂದು ಇಂಚು ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಬದು ಇಲ್ಲದ ಇಳಿಜಾರು ಹೊಲದಲ್ಲಿ ಅದು ಕೆಲವೇ ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಅಂತರ್ಜಲದ್ದೂ ಇದೇ ಕಥೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಈಗ ಸುದ್ದಿಯೇ ಅಲ್ಲ. ಬಂಡೆಯ ಬಿರುಕಿಗೆ ಅಷ್ಟು ಆಳದಲ್ಲಿ ನೀರು ಇಳಿಯಲು ವರ್ಷಗಳು ಹಿಡಿಯುತ್ತವೆ, ನಾವು ಅದನ್ನು ಎತ್ತುವುದು ಸ್ವಿಚ್ ಒತ್ತಿ. ಎರಡನ್ನೂ ‘ಬದಲಾವಣೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಸಾಲ ಮಾಡಿ ಬೋರ್ ಕೊರೆಸಿದ ರೈತನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ವಿಷಯ ಕೇಳಿ. ನಮ್ಮೂರ ಕೆರೆಯ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ಇದೆ, ಕಡೆಯ ಸಲ ಅಳೆದದ್ದು ಯಾವಾಗ, ಕಾಲುವೆ ಎಲ್ಲಿ ಕಟ್ಟಿಕೊಂಡಿದೆ. ‘ಕಾಲ ಬದಲಾಯ್ತು’ ಎಂಬ ಉತ್ತರ ಬಂದರೆ ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ.