ಆಫೀಸು ಜೆಪ್ಪುವಿನಲ್ಲಿ, ಮೌಸು ಸುರತ್ಕಲ್‌ನಲ್ಲಿ

"ಮನೇಲೇ ಇರ್ತೀರಲ್ಲ, ಎಂತ ಕೆಲಸ ಮಾಡ್ತೀರಿ?" ಅಂತ ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಿಕ್ಕೆ ನನಗೆ ಆಗುವುದಿಲ್ಲ. ಜೆಪ್ಪುವಿನ ಮೋರ್ಗನ್ಸ್ ಗೇಟ್ ಹತ್ತಿರ ಒಂದು ಸಣ್ಣ ಆಫೀಸು ಉಂಟು. ಅಲ್ಲಿಯ ಒಂಬತ್ತು ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ನಾನಿರುವುದು ಸುರತ್ಕಲ್‌ನಲ್ಲಿ. ಪ್ರಿಂಟ್ ಬರುವುದಿಲ್ಲ ಅಂತ ಫೋನ್ ಬಂದಾಗಲೆಲ್ಲ ಬಸ್ ಹತ್ತಿ, ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ಇನ್ನೊಂದು ಬಸ್ ಹಿಡಿದರೆ ಅರ್ಧ ದಿನ ಹೋಯಿತು. ಹಾಗಾಗಿ ವಾರಕ್ಕೊಂದು ದಿನ ಮಾತ್ರ ಹೋಗುವುದು, ಉಳಿದದ್ದೆಲ್ಲ ಮನೆಯಿಂದಲೇ.

ಒಂಬತ್ತೂ ಒಂದೇ ಜಾತಿಯವಾಗಿದ್ದರೆ ಇಷ್ಟು ತಲೆಬಿಸಿ ಇರಲಿಲ್ಲ. ಲೆಕ್ಕಪತ್ರದ ಟ್ಯಾಲಿಗಾಗಿ ಐದು ವಿಂಡೋಸ್, ಹಳೆಯ ಮೂರಕ್ಕೆ ಉಬುಂಟು ಲಿನಕ್ಸ್, ವಿನ್ಯಾಸ ಮಾಡುವ ಹುಡುಗಿಗೆ ಒಂದು ಮ್ಯಾಕ್. ಕೂಡುಕುಟುಂಬದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ರೀತಿ. ವಿಂಡೋಸ್‌ನಲ್ಲಿ ಕಂಟ್ರೋಲ್ ಕೀ ಒತ್ತಿ ಮಾಡುವ ಕಾಪಿ, ಮ್ಯಾಕ್‌ನಲ್ಲಿ ಕಮಾಂಡ್ ಕೀ ಕೇಳುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟಿಲ್ಲದ ಉಬುಂಟುವಿನಲ್ಲಿ ತೆರೆದರೆ, ಕನ್ನಡದ ಬದಲು ತಲೆಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಎಲ್ಲ ಪತ್ರಗಳೂ ಯೂನಿಕೋಡ್‌ನಲ್ಲೇ ಇರಬೇಕು ಅಂತ ಪಟ್ಟು ಹಿಡಿದ ಮೇಲೆ ಅರ್ಧ ದೂರು ನಿಂತುಹೋಯಿತು.

ಈ ಮೂರಕ್ಕೂ ಹೊಂದುವ ಒಂದು ದಾರಿ ಉಂಟು, ಎಸ್‌ಎಸ್‌ಎಚ್ ಅಂತ. 1995ರಲ್ಲಿ ಫಿನ್‌ಲ್ಯಾಂಡಿನ ಟಾಟು ಯುಲೋನೆನ್ ಎಂಬವರು ಬರೆದದ್ದು. ಅವರಿದ್ದ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಕದ್ದಿದ್ದರಂತೆ. ಆ ಕಾಲದಲ್ಲಿ ದೂರದ ಕಂಪ್ಯೂಟರಿಗೆ ಹೋಗುವ ಪಾಸ್‌ವರ್ಡು ತೆರೆದ ಅಂಚೆಕಾರ್ಡಿನ ಹಾಗೆ ಹೋಗುತ್ತಿತ್ತು. ಎಸ್‌ಎಸ್‌ಎಚ್ ಅದನ್ನು ಮುಚ್ಚಿದ ಲಕೋಟೆ ಮಾಡಿತು. ಈಗ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಅದು ಸಿಗುತ್ತದೆ. ಬೀಗಗಳನ್ನು ಒಂಬತ್ತು ಕಂಪ್ಯೂಟರಿಗೆ ಹಾಕಿ, ಬೀಗದ ಕೈ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೇನೆ. ಅಪ್‌ಡೇಟ್ ಹಾಕುವುದು, ಬ್ಯಾಕಪ್ ನೋಡುವುದು, ಡಿಸ್ಕ್ ತುಂಬಿದೆಯೋ ಅಂತ ಪರೀಕ್ಷಿಸುವುದು, ಇದೆಲ್ಲ ರಾತ್ರಿ ಎಂಟರ ಮೇಲೆ, ಯಾರಿಗೂ ತೊಂದರೆ ಇಲ್ಲದೆ. ಮಲಗಿರುವ ಕಂಪ್ಯೂಟರನ್ನು ಎಬ್ಬಿಸಲಿಕ್ಕೂ ಆಗುತ್ತದೆ. ಅದರ ನೆಟ್‌ವರ್ಕ್ ವಿಳಾಸವನ್ನು 16 ಸಲ ಕೂಗಿ ಹೇಳುವ 102 ಬೈಟಿನ ಸಣ್ಣ ಸಂದೇಶ ಕಳಿಸಿದರೆ ಸಾಕು. ಆ ಕೂಗು ಆಫೀಸಿನ ಒಳಗಿನಿಂದಲೇ ಹೊರಡಬೇಕು. ಅದಕ್ಕಾಗಿ ಒಂದು ಉಬುಂಟು ಯಾವಾಗಲೂ ಎಚ್ಚರ ಇರುತ್ತದೆ. ಮಳೆಗಾಲದಲ್ಲಿ ಗುಡುಗು ಬಂತೆಂದು ಯಾರಾದರೂ ಪ್ಲಗ್ಗನ್ನೇ ಕಿತ್ತಿಟ್ಟಿದ್ದರೆ ಮಾತ್ರ ಯಾವ ಮಂತ್ರವೂ ನಡೆಯುವುದಿಲ್ಲ ಮಾರಾಯ್ರೆ.

ಇಷ್ಟರ ತನಕ ಯಂತ್ರಗಳ ಕಥೆ ಆಯಿತು. ಎಡವಟ್ಟು ಶುರುವಾಗುವುದು ಕಂಪ್ಯೂಟರಿನ ಎದುರು ಮನುಷ್ಯರು ಕೂತಿರುವಾಗ.

ನಮ್ಮ ಲೆಕ್ಕದ ಅಕ್ಕ ಆಫೀಸಿನಲ್ಲಿ ಎಲ್ಲರಿಗಿಂತ ಹಿರಿಯರು. ದೂರದಿಂದ ಕೆಲಸ ಮಾಡುವ ಏರ್ಪಾಡು ಆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ನೋಡ್ತಾ ಇದ್ದೀರಿ ಅಂತ ನನಗೆ ಗೊತ್ತಾಗುವುದು ಹೇಗೆ?" ಅವರ ಕಂಪ್ಯೂಟರಿನಲ್ಲಿ ಎಲ್ಲರ ಸಂಬಳದ ಪಟ್ಟಿ ಉಂಟು. ಮಧ್ಯಾಹ್ನ ಊಟದ ಹೊತ್ತಿಗೆ ಮಗಳ ಆಸ್ಪತ್ರೆಯ ರಿಪೋರ್ಟನ್ನೂ ಅದರಲ್ಲೇ ತೆರೆದು ನೋಡುತ್ತಾರೆ. ಸುರತ್ಕಲ್‌ನಲ್ಲಿ ಕೂತ ನಾನು ಅದನ್ನೆಲ್ಲ ಯಾಕೆ ನೋಡಬೇಕು?

ಅವರ ಪ್ರಶ್ನೆಯಿಂದಲೇ ನಮ್ಮ ನಿಯಮಗಳು ಹುಟ್ಟಿದವು. ಪರದೆ ನೋಡಬೇಕಾದರೆ ಮೊದಲು ಫೋನ್. ಎದುರು ಕೂತವರು ಒಪ್ಪಿಗೆಯ ಬಟನ್ ಒತ್ತಿದರೆ ಮಾತ್ರ ಪ್ರವೇಶ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನಾನು ಒಳಗೆ ಬಂದ ಕೂಡಲೇ ಅಲ್ಲಿಯ ಪರದೆಗೆ ಬೀಗ ಬೀಳುತ್ತದೆ, ನಾನು ಏನು ಮಾಡುತ್ತೇನೆಂದು ಅವರಿಗೆ ಕಾಣುವುದಿಲ್ಲ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅದು ಬೇಡ; ಇಬ್ಬರಿಗೂ ಒಂದೇ ಪರದೆ ಕಾಣುವ ತಂತ್ರಾಂಶವೇ ಬೇಕು. ಮುಗಿದ ಮೇಲೆ ಅವರೇ ಮುಚ್ಚುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ರಾತ್ರಿಯ ಕೆಲಸವೂ ಅದರಲ್ಲಿ ಬರುತ್ತದೆ. ಕೆಲಸ ಬಿಟ್ಟವರ ಬೀಗದ ಕೈ ಅದೇ ದಿನ ರದ್ದು. ನನಗೇ ಏನಾದರೂ ಆದರೆ ಆಫೀಸು ನಿಲ್ಲಬಾರದೆಂದು ಮುಖ್ಯ ಪಾಸ್‌ವರ್ಡುಗಳು ಮುಚ್ಚಿದ ಲಕೋಟೆಯಲ್ಲಿ ಆಫೀಸಿನ ಕಪಾಟಿನಲ್ಲಿವೆ.

ಇದು ಆಫೀಸಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ಪುಟ ತಿರುಗಿಸಬೇಡಿ. ನಮ್ಮ ಊರಿನಲ್ಲಿ ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ, ಅಪ್ಪ ಅಮ್ಮ ಇಲ್ಲಿ. "ಅಮ್ಮಾ, ಒಂದು ಆ್ಯಪ್ ಹಾಕಿ ಕೋಡ್ ಹೇಳು, ನಾನು ಇಲ್ಲಿಂದಲೇ ಸರಿ ಮಾಡ್ತೇನೆ" ಅಂತ ಮಗ ಹೇಳುತ್ತಾನೆ. ಅಮ್ಮ ಹೇಳುತ್ತಾರೆ, ಸರಿಯಾಗುತ್ತದೆ. ಮುಂದಿನ ವಾರ ಬ್ಯಾಂಕಿನ ಹೆಸರು ಹೇಳಿಕೊಂಡು ಯಾರೋ ಫೋನ್ ಮಾಡಿ ಅದೇ ಆ್ಯಪಿನ ಕೋಡ್ ಕೇಳಿದರೆ? ಅಮ್ಮನಿಗೆ ದಾರಿ ಅಭ್ಯಾಸವಾಗಿರುತ್ತದೆ. 2019ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಆ್ಯಪ್ ಬಳಸಿ ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್‌ನಲ್ಲಿ ತಪ್ಪಿಲ್ಲ, ನಾವು ದಿನಾ ಬಳಸುವುದೂ ಅಂಥದ್ದನ್ನೇ. ಕೋಡ್ ಯಾರ ಕೈಗೆ ಹೋಯಿತು ಎಂಬುದೇ ವಿಷಯ.

ಮನೆಗೂ ನಮ್ಮ ಆಫೀಸಿನ ನಿಯಮವೇ ಸಾಕು. ಸಹಾಯ ಬೇಕಾದಾಗ ನೀವೇ ಮಗನಿಗೋ ಮಗಳಿಗೋ ಫೋನ್ ಮಾಡಿ. ತಾನಾಗಿ ಫೋನ್ ಮಾಡಿ ಕೋಡ್ ಕೇಳಿದವರಿಗೆ ಕೊಡಬೇಡಿ. ಅವರು ಕೆಲಸ ಮಾಡುವಷ್ಟು ಹೊತ್ತು ಪರದೆಯ ಎದುರಿನಿಂದ ಏಳಬೇಡಿ. ಬ್ಯಾಂಕಿನ ಪುಟ ತೆರೆದಿಡಬೇಡಿ. ಕೆಲಸ ಮುಗಿದ ಮೇಲೆ ಆ್ಯಪನ್ನು ತೆಗೆದುಹಾಕಿ. ಮೌಸು ತನ್ನಷ್ಟಕ್ಕೆ ಓಡಾಡುವುದು ಕಂಡರೆ ಯೋಚಿಸುತ್ತಾ ಕೂರಬೇಡಿ, ಮೊದಲು ಇಂಟರ್ನೆಟ್ ಕಿತ್ತುಬಿಡಿ. ಹಣ ಹೋಗಿದೆ ಅಂತಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ನಮ್ಮ ಲೆಕ್ಕದ ಅಕ್ಕ ಈಗಲೂ ಪ್ರತಿ ಸಲ ಒಪ್ಪಿಗೆಯ ಬಟನ್ ಒತ್ತುವ ಮೊದಲು "ನೀವೇ ಅಲ್ವಾ?" ಅಂತ ಕೇಳುತ್ತಾರೆ. ನಾನು ಹೌದು ಅಂತೇನೆ. ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸಿದ್ದಾರೆ.