ವಿಕಿರಣ ಮಾಪಕಗಳ ದುರಸ್ತಿ: ನಾಗರಿಕರು ಕೇಳಬೇಕಾದ ಮಾಹಿತಿ

ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂಯುಕ್ತ ಭಾರಜಲ ಸೇರಿ, 50ಕ್ಕೂ ಹೆಚ್ಚು ನೌಕರರ ದೇಹವನ್ನು ಹೊಕ್ಕಿತ್ತು. ಟ್ರಿಟಿಯಂನ ದುರ್ಬಲ ಬೀಟಾ ಕಿರಣಗಳನ್ನು ಗಾಮಾ ಮಾಪಕಗಳು ಗುರುತಿಸಲಾರವು. ನಿಯತ ಮೂತ್ರ ಪರೀಕ್ಷೆಯಿಂದಲೇ ಪ್ರಕರಣ ಬೆಳಕಿಗೆ ಬಂದಿತು. ಆದುದರಿಂದ ಒಂದೇ ಮಾಪಕವನ್ನು ನೆಚ್ಚುವಂತಿಲ್ಲ.

ಮಾಪಕ ಕೆಟ್ಟಾಗ ದುರಸ್ತಿಯೊಂದೇ ಸಾಲದು. ಆ ಅವಧಿಯಲ್ಲಿ ಪರ್ಯಾಯ ಮಾಪನ ನಡೆಯಬೇಕು. ದುರಸ್ತಿಯಾದ ಮೇಲೆ, ಪ್ರಮಾಣ ತಿಳಿದಿರುವ ವಿಕಿರಣ ಆಕರದಿಂದ ಮಾಪಕದ ನಿಖರತೆಯನ್ನು ಪರಿಶೀಲಿಸಬೇಕು.

ಯಲ್ದೂರು ಸೇರಿದಂತೆ ಯಾವುದೇ ಊರಿನ ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂ. ಶುಲ್ಕದೊಂದಿಗೆ ಭಾರತೀಯ ಅಣುವಿದ್ಯುತ್ ನಿಗಮದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಕಾನೂನು ನಿರ್ಬಂಧಿಸಿದ ಮಾಹಿತಿ ದೊರೆಯುವುದಿಲ್ಲ. ಅರ್ಜಿಯಲ್ಲಿ ದುರಸ್ತಿಯ ದಿನಾಂಕದೊಂದಿಗೆ ಪರ್ಯಾಯ ಮಾಪನದ ವಿವರವನ್ನೂ ಕೋರುವುದು ಸೂಕ್ತ.