ಅದೇ ಎರಡು ಮಾತ್ರೆ

ಪುಣೆಯ ನಮ್ಮ ಮನೆಗೆ ಬಂದಿದ್ದ ಅಪ್ಪನಿಗೆ ಕಳೆದ ಚಳಿಗಾಲದಲ್ಲಿ ಫ್ಲೂ ಜ್ವರ ಹಿಡಿಯಿತು. ಮೂರನೇ ದಿನ ಕೈನಡುಕ, ವಾಂತಿ, ಎದೆಬಡಿತ. "ಉಬ್ಬಸದ ಮಾತ್ರೆ ಜಾಸ್ತಿ ತಗೊಂಡ್ರಾ ಅಪ್ಪ?" ಎಂದೆ. "ಇಲ್ಲ ಕಣೋ, ಅದೇ ಎರಡು" ಎಂದರು. ನಾನು ನಂಬಲಿಲ್ಲ. ತಪ್ಪು ನನ್ನದೇ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಥಿಯೋಫಿಲಿನ್ ಮಟ್ಟ ಏರಿತ್ತು. ಕಾರಣ ಜ್ವರ!

ನಾವು ನುಂಗುವ ಬಹಳಷ್ಟು ಔಷಧಗಳನ್ನು ಒಡೆಯುವುದು ಲಿವರ್‌ನಲ್ಲಿರುವ ಸಿವೈಪಿ ಕಿಣ್ವಗಳು. ಸೋಂಕು ತಗುಲಿದಾಗ ದೇಹದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಪ್ರೋಟೀನ್ ಹೆಚ್ಚುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಲಿವರ್ ಕೋಶಗಳಿಗೆ ಅದೊಂದನ್ನೇ ಸೇರಿಸಿದರೂ ಸಾಕು, ಸಿವೈಪಿ3ಎ4, ಥಿಯೋಫಿಲಿನ್ ಒಡೆಯುವ ಸಿವೈಪಿ1ಎ2 ಕಿಣ್ವಗಳ ತಯಾರಿಕೆ ಕುಗ್ಗುತ್ತದೆ. ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧ ಉಳಿದುಬಿಡುತ್ತದೆ. 1980ರಲ್ಲಿ ಅಮೆರಿಕದ ಸಿಯಾಟಲ್ ಭಾಗದಲ್ಲಿ ಇನ್‌ಫ್ಲುಯೆನ್ಜಾ-ಬಿ ಹರಡಿದಾಗ ಉಬ್ಬಸದ 11 ಮಕ್ಕಳಿಗೆ ಆದದ್ದೂ ಇದೇ.

ಜ್ವರ ಇಳಿದು ಕಿಣ್ವಗಳು ಚೇತರಿಸಿಕೊಂಡ ಮೇಲೆ ಡಾಕ್ಟರು ಅಪ್ಪನ ಡೋಸನ್ನು ಮತ್ತೆ ಮೊದಲಿನಂತೆ ಮಾಡಿದರು.

ನಿಮ್ಮ ಮನೆಯಲ್ಲೂ ಹಿರಿಯರಿದ್ದಾರಲ್ಲವೇ? ಜ್ವರ ಬಂದಾಗ ದಿನದ ಮಾತ್ರೆಗಳನ್ನು ನಾವಾಗಿಯೇ ನಿಲ್ಲಿಸುವುದು ಬೇಡ. ಅವುಗಳ ಪಟ್ಟಿ ಹಿಡಿದು ಡಾಕ್ಟರನ್ನು ಕೇಳೋಣ. ಹಾಗೆಯೇ, ಹಿರಿಯರ ಮಾತನ್ನು ಸ್ವಲ್ಪ ನಂಬೋಣ.